ಹೊಳೆಗೆ ಹೋದವರು ದಂಡೆಗೆ ಮರಳಬೇಕು: ನೆರವಿಗೆ ಹೋಗುವವರ ಸುರಕ್ಷತೆಗೆ ಹಂತ ಹಂತದ ಮಾರ್ಗದರ್ಶಿ

2009ರ ಅಕ್ಟೋಬರ್ ಮೊದಲ ವಾರ. ತುಂಗಭದ್ರೆ ಮಾನ್ವಿ, ಸಿಂಧನೂರು ಸೀಮೆಯ ದಂಡೆಯ ಊರುಗಳಿಗೆ ನುಗ್ಗಿ, ಆಗಷ್ಟೇ ಇಳಿಯತೊಡಗಿತ್ತು. ನಾವು ಹನ್ನೊಂದು ಮಂದಿ ಒಂದು ಟೆಂಪೊದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಚಾದರ ಹೇರಿಕೊಂಡು ಹೋಗಿದ್ದೆವು. ಹಂಚಿ ಮುಗಿಸಿ ರಾತ್ರಿ ಒಂಬತ್ತಕ್ಕೆ ಊರಿಗೆ ಮರಳಿ ಚಹಾ ಕುಡಿಯುವಾಗ ಯಾರೋ ಕೇಳಿದರು: “ಸಣ್ಣಾವ ಎಲ್ಲಿದ್ದಾನ?” ಎಣಿಸಿದೆವು. ಹತ್ತೇ ಮಂದಿ.

ಹಳ್ಳದ ಆಚೆ ಒಬ್ಬ ಮುದುಕಿ ಉಳಿದಿದ್ದಾಳೆಂದು ಹುಡುಗ ರೊಟ್ಟಿ ಗಂಟು ಹಿಡಿದು ಒಬ್ಬನೇ ದಾಟಿದ್ದ. ಹಿಂದೆಯೇ ಹಳ್ಳ ಬಂತು. ಫೋನಿನ ಚಾರ್ಜ್ ಮುಗಿದಿತ್ತು. ಶಾಲೆಯ ಮಾಳಿಗೆಯ ಮೇಲೆ ರಾತ್ರಿಯೆಲ್ಲ ತೊಯ್ದುಕೊಂಡು ಕುಳಿತವನನ್ನು ಮುಂಜಾನೆ ಊರವರೇ ಕರೆತಂದರು. ಅವನು ಬದುಕಿದ್ದು ನಮ್ಮ ಜಾಣತನದಿಂದಲ್ಲ. ಅವತ್ತೇ ಒಂದು ನೋಟ್‌ಬುಕ್ ತೆಗೆದು ಮೂರು ಗೆರೆ ಎಳೆದೆ: ಹೆಸರು, ಹೋದ ಹೊತ್ತು, ಬಂದ ಹೊತ್ತು. ಈ ಮಾರ್ಗದರ್ಶಿ ಆ ನೋಟ್‌ಬುಕ್ಕಿನಿಂದ ಬೆಳೆದದ್ದು.

ಆಗಸ್ಟ್ 19 ವಿಶ್ವ ಮಾನವೀಯ ದಿನ. 2003ರಲ್ಲಿ ಅದೇ ದಿನ ಬಾಗ್ದಾದ್‌ನ ಕೆನಾಲ್ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಬಾಂಬ್ ದಾಳಿ ನಡೆದು 22 ಮಂದಿ ಸತ್ತರು. ಹಿರಿಯ ಅಧಿಕಾರಿ ಸರ್ಜಿಯೊ ವಿಯೆರಾ ಡಿ ಮೆಲ್ಲೊ ಅವರಲ್ಲೊಬ್ಬರು. 2024ರಲ್ಲಿ ಜಗತ್ತಿನಾದ್ಯಂತ 380ಕ್ಕೂ ಹೆಚ್ಚು ನೆರವಿನ ಕಾರ್ಯಕರ್ತರು ಕೊಲ್ಲಲ್ಪಟ್ಟರು. ಅವರಲ್ಲಿ ಬಹುಪಾಲು ಜನ ಹೊರದೇಶದಿಂದ ಬಂದವರಲ್ಲ, ಆಯಾ ನೆಲದಲ್ಲೇ ಹುಟ್ಟಿ ಬೆಳೆದವರು. ನಮ್ಮಲ್ಲಿ ಯುದ್ಧವಿಲ್ಲ, ದೇವರ ದಯೆ. ಆದರೆ ಅದೇ ಆಗಸ್ಟ್‌ನಲ್ಲಿ ಕೃಷ್ಣೆ, ತುಂಗಭದ್ರೆ ತುಂಬಿ ಬರುತ್ತವೆ. ಇಲ್ಲೂ ಮೊದಲು ನೀರಿಗಿಳಿಯುವವರು ಊರಿನವರೇ. ತೆಪ್ಪ ನಡೆಸುವ ಅಂಬಿಗರು, ಆಶಾ ಕಾರ್ಯಕರ್ತೆ, ಲೈನ್‌ಮನ್, ಪಂಚಾಯ್ತಿಯ ನೀರು ಬಿಡುವವನು, ನೆರೆಗೆ ಮನೆ ಬಿಟ್ಟವರು ತಂಗುವ ಕಾಳಜಿ ಕೇಂದ್ರದಲ್ಲಿ ಅಡುಗೆ ಮಾಡುವ ಅಕ್ಕಂದಿರು. ಇವರನ್ನು ನೆರವಿನ ಕಾರ್ಯಕರ್ತರೆಂದು ಯಾರೂ ಕರೆಯುವುದಿಲ್ಲ. ಕರೆಯದ ಕಾರಣಕ್ಕೇ ಇವರಿಗೆ ಲೈಫ್ ಜಾಕೆಟ್ ಇರುವುದಿಲ್ಲ, ವಿಮೆ ಇರುವುದಿಲ್ಲ, ಯಾವ ಪಟ್ಟಿಯಲ್ಲೂ ಹೆಸರಿರುವುದಿಲ್ಲ. ನಾನು ಈ ಬರಹದಲ್ಲಿ ‘ನೆರವಿನವರು’ ಅಂದಾಗ ಮೊದಲು ಇವರನ್ನೇ ನೆನೆಸಿಕೊಳ್ಳಿ.

ಹಂತ 1: ಹೊರಡುವ ಮುನ್ನ ಎಲ್ಲರ ಹೆಸರು ಬರೆಯಿರಿ

ಒಂದು ಉದ್ದನೆಯ ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪೆನ್ನಿನ ಮಸಿ ನೀರಿಗೆ ಕರಗಿ ಹರಡುತ್ತದೆ. ಹೆಸರು, ವಯಸ್ಸು, ರಕ್ತದ ಗುಂಪು, ಮನೆಯವರ ಫೋನ್ ನಂಬರು, ಈಜು ಬರುತ್ತದೋ ಇಲ್ಲವೋ, ಸಕ್ಕರೆ ಕಾಯಿಲೆ, ಬಿಪಿ, ಮೂರ್ಛೆ, ಔಷಧದ ಅಲರ್ಜಿ ಇವಿಷ್ಟನ್ನು ಬರೆದುಕೊಳ್ಳಿ. ಡ್ರೈವರ್ ಮತ್ತು ಕ್ಲೀನರ್ ಹೆಸರನ್ನು ಬಿಡುವುದು ಎಲ್ಲ ತಂಡಗಳೂ ಮಾಡುವ ತಪ್ಪು. ಟ್ರ್ಯಾಕ್ಟರ್ ಕೊಟ್ಟ ರೈತ “ನಾ ಊರಾವನ ಅದೀನಿ, ನಂದ್ಯಾಕ ಬರ್ಕೊಂತೀರಿ” ಅನ್ನುತ್ತಾನೆ. ಬರೆದುಕೊಳ್ಳಿ.

ಈಜು ಬರುತ್ತದೆಂದು ಹೇಳುವವರಿಗೆ ಇನ್ನೊಂದು ಪ್ರಶ್ನೆ ಕೇಳಿ: ಬಾವಿಯಲ್ಲಿ ಕಲಿತದ್ದೋ, ಹೊಳೆಯಲ್ಲೋ? ನಿಂತ ನೀರಿನ ಈಜು ಹರಿವ ನೀರಿನಲ್ಲಿ ಕೈಕೊಡುತ್ತದೆ.

ವಿಮೆಯನ್ನು ಇದೇ ಹಂತದಲ್ಲಿ ನೋಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನವರಿಗೆ ಅಪಘಾತದಲ್ಲಿ ಸಾವಾದರೆ 2 ಲಕ್ಷ ರೂಪಾಯಿ ಸಿಗುತ್ತದೆ. ಅದರ ವರ್ಷ ಜೂನ್ 1ರಿಂದ ಮೇ 31. ಅಂದರೆ ಮಳೆಗಾಲದ ಬಾಗಿಲಲ್ಲೇ ನವೀಕರಣ ಬರುತ್ತದೆ. ಮೇ ತಿಂಗಳಲ್ಲಿ ಬ್ಯಾಂಕ್ ಖಾತೆಯಲ್ಲಿ ಹಣ ಇಲ್ಲದೆ ಎಷ್ಟೋ ಮಂದಿಯದು ನಿಂತುಹೋಗಿರುತ್ತದೆ. ನಿಮ್ಮ ಜೊತೆ ಬರುವ ಅಂಬಿಗನದು ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕ್ ಮಿತ್ರರ ಹತ್ತಿರ ಕೇಳಿಸಿ, ಇಲ್ಲದಿದ್ದರೆ ಮಾಡಿಸಿ.

ಹಂತ 2: ಒಬ್ಬರನ್ನು ದಂಡೆಯಲ್ಲೇ ಕೂರಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ ಅನ್ನುತ್ತೇನೆ. ನಾವು ಅವರನ್ನು ‘ದಂಡೆಯವರು’ ಅನ್ನುತ್ತೇವೆ. ಅವರು ಮೂಟೆ ಹೊರುವುದಿಲ್ಲ, ಹಂಚುವುದಿಲ್ಲ, ಫೋಟೊಕ್ಕೆ ನಿಲ್ಲುವುದಿಲ್ಲ. ಹೋದವರು ಮರಳುವ ತನಕ ಲೆಕ್ಕ ಹಿಡಿದು ಕೂರುವುದೇ ಅವರ ಕೆಲಸ. ಉತ್ಸಾಹಿ ಹುಡುಗರಿಗೆ ಇದು ಒಲ್ಲದ ಕೆಲಸ. ಹಾಗಾಗಿ ತಂಡದಲ್ಲೇ ಹೆಚ್ಚು ಮರ್ಯಾದೆ ಇರುವವರಿಗೆ ಕೊಡಿ. “ವಾಪಸ್ ಬಾ” ಅಂದರೆ ಎದುರಾಡದೆ ಬರಬೇಕು, ಅಂಥವರು.

ದಂಡೆಯವರ ಹತ್ತಿರ ಇರಬೇಕಾದದ್ದು: ನೋಟ್‌ಬುಕ್, ಚಾರ್ಜ್ ಇರುವ ಎರಡು ಫೋನು (ಬೇರೆ ಬೇರೆ ಕಂಪನಿಯ ಸಿಮ್), ಪವರ್ ಬ್ಯಾಂಕ್, ಸೀಟಿ, ಟಾರ್ಚ್. ನೋಟ್‌ಬುಕ್ಕಿನ ರಟ್ಟಿನ ಒಳಗೆ ನಂಬರುಗಳು: ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿಗೆ 1077, ವಿದ್ಯುತ್ತಿಗೆ 1912. ಅದರ ಕೆಳಗೆ ತಹಶೀಲ್ದಾರ್, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಠಾಣೆ, ಹತ್ತಿರದ ಆರೋಗ್ಯ ಕೇಂದ್ರ. ಫೋನಿನಲ್ಲಿ ಸೇವ್ ಇದೆ ಅನ್ನಬೇಡಿ, ಫೋನು ನೀರಿಗೆ ಬೀಳುತ್ತದೆ.

ತಂಡ ಹೋಗುವಾಗ ಮೂರು ಮಾತು ಹೇಳಿ ಹೋಗಬೇಕು. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಮುಂದಿನ ಫೋನು. ಹೇಳಿದ ಹೊತ್ತು ಮೀರಿ ಅರ್ಧ ತಾಸು ಕಳೆದರೆ ದಂಡೆಯವರು ತಾವೇ ಫೋನ್ ಮಾಡಬೇಕು. ಮತ್ತರ್ಧ ತಾಸು ಉತ್ತರವಿಲ್ಲದಿದ್ದರೆ 112ಕ್ಕೂ ತಹಶೀಲ್ದಾರರಿಗೂ ತಿಳಿಸಬೇಕು. ‘ಬಂದಾರು ಬಿಡು’ ಎಂದು ಕಾಯುವುದು ಬೇಡ. ಸುಳ್ಳು ಗಾಬರಿಯಾಗಿ ಬೈಸಿಕೊಂಡರೂ ಪರವಾಗಿಲ್ಲ. ನಾನು ಬೈಸಿಕೊಂಡಿದ್ದೇನೆ.

ಯಾರೂ ಒಬ್ಬರೇ ಹೋಗಕೂಡದು. ಬಯಲಿಗೆ ಹೋಗುವುದಿದ್ದರೂ ಇಬ್ಬರು.

ಹಂತ 3: ಒಂದು ಕಾಗದ ಕೈಯಲ್ಲಿರಲಿ

ವಿಪತ್ತು ನಿರ್ವಹಣಾ ಕಾಯ್ದೆ 2005ರ 51ನೇ ಸೆಕ್ಷನ್ ಪ್ರಕಾರ, ಸರ್ಕಾರಿ ನೌಕರರ ಕೆಲಸಕ್ಕಷ್ಟೇ ಅಲ್ಲ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಧಿಕಾರ ಕೊಟ್ಟು ಕಳಿಸಿದ ವ್ಯಕ್ತಿಯ ಕೆಲಸಕ್ಕೆ ಸಕಾರಣವಿಲ್ಲದೆ ಅಡ್ಡಿಪಡಿಸಿದರೂ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ; ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ. ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಆದ್ದರಿಂದ ತಂಡದ ಹೆಸರುಪಟ್ಟಿ ಕೊಟ್ಟು ಅವರ ಕಚೇರಿಯಿಂದ ಪತ್ರ ಪಡೆದರೆ ಕಾನೂನಿನ ಈ ಆಸರೆ ನಿಮಗೂ ಸಿಗುತ್ತದೆ. ಪತ್ರವಿಲ್ಲದ ಸ್ವಯಂಸೇವಕ ಜಗಳದ ಹೊತ್ತಿನಲ್ಲಿ ಬರೀ ದಾರಿಹೋಕ. ಈ ಕೆಲಸವನ್ನು ಹೊಳೆ ಬಂದ ದಿನ ಮಾಡಲಾಗುವುದಿಲ್ಲ, ಜೂನ್‌ನಲ್ಲೇ ಮಾಡಿಟ್ಟುಕೊಳ್ಳಿ.

ಗಾಡಿಗೆ ಕೆಂಪು ಶಿಲುಬೆ ಅಂಟಿಸುವ ಚಾಳಿ ಇದೆ. ಬೇಡ. ಆ ಗುರುತಿಗೆ 1949ರ ಜಿನೀವಾ ಒಪ್ಪಂದಗಳ ಕಾವಲಿದೆ. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅನುಮತಿಯಿಲ್ಲದೆ ಅದನ್ನು ಬಳಸುವುದನ್ನು ನಿಷೇಧಿಸುತ್ತದೆ. ಯುದ್ಧಭೂಮಿಯಲ್ಲಿ ಆ ಗುರುತು ಕಂಡರೆ ಗುಂಡು ಹಾರಿಸಬಾರದೆಂಬ ನಿಯಮವಿದೆ. ಕಂಡಕಂಡಲ್ಲಿ ಅಂಟಿಸಿದರೆ ಅದರ ತೂಕ ಇಳಿಯುತ್ತದೆ, ಎಲ್ಲೋ ಒಬ್ಬ ನರ್ಸಿನ ಜೀವಕ್ಕೆ ಇರುವ ರಕ್ಷಣೆ ತೆಳ್ಳಗಾಗುತ್ತದೆ. ‘ನೆರೆ ಪರಿಹಾರ ಸಾಮಗ್ರಿ’ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದರೆ ಸಾಕು.

ಹಂತ 4: ಊರಿನ ಒಪ್ಪಿಗೆ ಮೊದಲು, ಮೂಟೆ ಆಮೇಲೆ

ಈ ಕ್ಷೇತ್ರದಲ್ಲಿ ದುಡಿದವರು ರಕ್ಷಣೆಗೆ ಮೂರು ದಾರಿ ಹೇಳುತ್ತಾರೆ: ಜನರ ಒಪ್ಪಿಗೆ ಗಳಿಸುವುದು, ಬೇಲಿ-ಬೀಗ-ಕವಚಗಳಿಂದ ತಮ್ಮನ್ನು ಕಾಯ್ದುಕೊಳ್ಳುವುದು, ಪೊಲೀಸರ ಬಲದಿಂದ ಎದುರಿನವರನ್ನು ಹಿಮ್ಮೆಟ್ಟಿಸುವುದು. ನಮ್ಮ ಸೀಮೆಯಲ್ಲಿ ಮೊದಲನೆಯದು ಇಲ್ಲದಿದ್ದರೆ ಉಳಿದೆರಡು ಕೆಲಸಕ್ಕೆ ಬರುವುದಿಲ್ಲ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಆದದ್ದನ್ನು ಮರೆಯಬಾರದು. ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಗುಂಪು ಹೊಡೆದು ಒಬ್ಬರನ್ನು ಕೊಂದಿತು. ಪ್ರೀತಿಯಿಂದ ಕೊಟ್ಟ ಚಾಕೊಲೇಟು. ನೆರವಿನವರು ಮಾಡುವುದೂ ಇದನ್ನೇ ಅಲ್ಲವೇ, ಗುರುತಿಲ್ಲದ ಊರಿನ ಮಕ್ಕಳ ಕೈಗೆ ಬಿಸ್ಕತ್ತು ಕೊಡುವುದು? ಅದಕ್ಕೇ ನನ್ನ ನಿಯಮ ಖಡಕ್ಕು: ಮಗುವಿನ ಕೈಗೆ ನೇರ ಏನೂ ಕೊಡುವಂತಿಲ್ಲ, ತಾಯಿಯ ಕೈಗೇ ಕೊಡಬೇಕು. ಊರಿನವರೊಬ್ಬರು ಜೊತೆಗಿಲ್ಲದೆ ಓಣಿಯೊಳಗೆ ಕಾಲಿಡುವಂತಿಲ್ಲ.

ಹೋಗುವ ಹಿಂದಿನ ದಿನ ಪಿಡಿಒಗೆ, ಆಶಾ ಅಕ್ಕನಿಗೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ತಿಳಿಸಿ. ಏನು ತರುತ್ತೀರಿ, ಎಷ್ಟು ಮನೆಗೆ ಆಗುತ್ತದೆ, ಯಾರಿಗೆ ಮೊದಲು ಎಂಬುದನ್ನು ಬಿಚ್ಚಿ ಹೇಳಿ. ಇನ್ನೂರು ಕಿಟ್ ಇದ್ದಲ್ಲಿ ‘ಎಲ್ಲರಿಗೂ ಕೊಡ್ತೀವಿ’ ಅಂದರೆ ನಿಮ್ಮ ತಲೆಯ ಮೇಲೆ ನೀವೇ ಕಲ್ಲು ಎತ್ತಿಟ್ಟುಕೊಂಡಂತೆ.

ಎಲ್ಲಿ ಹಂಚುತ್ತೀರಿ ಎಂಬುದೂ ಸುರಕ್ಷತೆಯ ಮಾತೇ. ಗೌಡರ ಮನೆ ಮುಂದೆ ಹಂಚಿದರೆ ಕೇರಿಯವರು ಬರುವುದಿಲ್ಲ; ಬಂದರೂ ಕೊನೆಗೆ ನಿಲ್ಲುತ್ತಾರೆ. ಗುಡಿಯ ಮುಂದೆ ಹಂಚಿದರೆ ಮಸೀದಿ ಓಣಿಯವರಿಗೆ ಮುಜುಗರ. ಸರ್ಕಾರಿ ಶಾಲೆಯ ಅಂಗಳ ಎಲ್ಲರದು. ಎರಡು ಗೇಟಿದ್ದರೆ ಒಂದರಿಂದ ಒಳಗೆ, ಇನ್ನೊಂದರಿಂದ ಹೊರಗೆ. ಮನೆ ಮನೆಗೆ ಮೊದಲೇ ಚೀಟಿ ಕೊಟ್ಟು, ಚೀಟಿಯ ಮೇಲೆ ಹೊತ್ತು ಬರೆದು, ಒಮ್ಮೆಗೆ ಮೂವತ್ತು ಮಂದಿಯನ್ನು ಕರೆಯಿರಿ. ಬಸುರಿಯರು, ಮುದುಕರು, ಅಂಗವಿಕಲರಿಗೆ ಬೇರೆ ಸಾಲು, ನೆರಳಲ್ಲಿ. ಗಾಡಿಯ ಮೂತಿ ಹೊರದಾರಿಯ ಕಡೆಗಿರಲಿ, ಡ್ರೈವರ್ ಸೀಟು ಬಿಟ್ಟು ಇಳಿಯಬಾರದು. ಚಲಿಸುವ ಗಾಡಿಯಿಂದ ಪೊಟ್ಟಣ ಎಸೆಯಬಾರದು. ಅದು ಜನರಿಗೆ ಅವಮಾನ. ಹಿಡಿಯಲು ಓಡಿ ಬಂದ ಮಗು ಗಾಲಿಗೆ ಸಿಕ್ಕರೆ ನಿಮ್ಮ ತಂಡ ಅಲ್ಲಿಂದ ಜೀವಂತ ಹೊರಡುವುದು ಕಷ್ಟ.

ಜನ ರೇಗಿದರೆ ವಾದಿಸಬೇಡಿ. ಮೂರು ದಿನ ಉಪವಾಸ ಇದ್ದವರ ಸಿಟ್ಟು ನಿಮ್ಮ ಮೇಲಿನದಲ್ಲ. ಊರ ಹಿರಿಯರೊಬ್ಬರನ್ನು, ಅದಕ್ಕಿಂತ ಒಳ್ಳೆಯದೆಂದರೆ ಎಲ್ಲರೂ ಮಾತು ಕೇಳುವ ಅಜ್ಜಿಯೊಬ್ಬಳನ್ನು ಮುಂದೆ ಬಿಡಿ. ಅಲ್ಲಿಗೂ ತಣ್ಣಗಾಗದಿದ್ದರೆ ದಂಡೆಯವರ ಸೀಟಿ ಎರಡು ಸಲ: ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಎಲ್ಲರೂ ಗಾಡಿ ಹತ್ತಬೇಕು. ಅಕ್ಕಿ ಮೂಟೆ ಹೋದರೆ ಹೋಯಿತು. ಈ ಮಾತನ್ನು ಹೊರಡುವ ಮುಂಚೆಯೇ ಎಲ್ಲರ ಬಾಯಿಂದ ಹೇಳಿಸಿ, ಇಲ್ಲದಿದ್ದರೆ ಮೂಟೆ ಕಾಯಲು ಒಬ್ಬ ನಿಂತೇ ನಿಲ್ಲುತ್ತಾನೆ.

ರಾಜಕೀಯ ಪಕ್ಷದ ಶಾಲು, ಬ್ಯಾನರ್ ಇರುವ ಗಾಡಿಯಲ್ಲಿ ಹೋಗಬೇಡಿ. ನೆರವಿಗೆ ಬಣ್ಣ ಅಂಟಿದ ಕ್ಷಣದಿಂದ ಇನ್ನೊಂದು ಬಣ್ಣದವರಿಗೆ ನೀವು ಎದುರಾಳಿ.

ಹಂತ 5: ನೀರಿಗಿಳಿಯುವ ಮುನ್ನ

ಇದನ್ನು ನಿಧಾನ ಓದಿ.

ನಮ್ಮ ಹೊಳೆಗಳು ನಮ್ಮ ಮಳೆಗೆ ಬರುವುದಿಲ್ಲ. ಕೃಷ್ಣೆ ತುಂಬುವುದು ಮಹಾರಾಷ್ಟ್ರದ ಘಟ್ಟದ ಮಳೆಗೆ, ತುಂಗಭದ್ರೆ ತುಂಬುವುದು ಮಲೆನಾಡಿನ ಮಳೆಗೆ. ರಾಯಚೂರಿನಲ್ಲಿ ಬಿಸಿಲು ಸುಡುತ್ತಿರುವಾಗಲೇ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಿರುತ್ತಾರೆ. ಆದ್ದರಿಂದ ಆಕಾಶ ನೋಡಿ ತೀರ್ಮಾನಿಸಬೇಡಿ, ಹೊರಹರಿವಿನ ಅಂಕಿ ಕೇಳಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ, ದೇವದುರ್ಗದ ಹೂವಿನಹೆಡಗಿ ಸೇತುವೆ, ತುಂಗಭದ್ರೆಯ ಮೇಲಿನ ಕಂಪ್ಲಿ ಸೇತುವೆ, ಇವೆಲ್ಲ ಹೊರಹರಿವು ಏರಿದಾಗ ಮುಳುಗುವಂಥವು. ಯಾವ ಅಂಕಿಗೆ ಯಾವುದು ಮುಳುಗುತ್ತದೆ, ನೀರು ಬಿಟ್ಟ ಎಷ್ಟು ತಾಸಿಗೆ ನಿಮ್ಮೂರಿಗೆ ಬರುತ್ತದೆ ಎಂಬುದು ಆ ಊರಿನ ಅಂಬಿಗರಿಗೆ ಬಾಯಿಪಾಠ. ಅವರಿಂದ ಕೇಳಿ ನೋಟ್‌ಬುಕ್ಕಿಗೆ ಬರೆದುಕೊಳ್ಳಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಮಳೆಯಿಲ್ಲ, ಮುನ್ಸೂಚನೆಯಿಲ್ಲ, ನಡುರಾತ್ರಿಯ ಹೊತ್ತು. ಹೊಳೆದಂಡೆಯಲ್ಲಿ ಮಲಗುವ ತಂಡ ಯಾವಾಗಲೂ ಎತ್ತರದ ಕಟ್ಟಡದಲ್ಲಿ ಮಲಗಬೇಕು, ಒಂದು ಫೋನು ಸೈಲೆಂಟ್‌ನಲ್ಲಿ ಇರಬಾರದು ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ನೀರಿನಂಚಿಗೆ ಒಂದು ಕೋಲು ನೆಟ್ಟು ಕಾಲು ತಾಸಿಗೊಮ್ಮೆ ನೋಡಿ. ಕೋಲಿನ ಬುಡ ಮುಳುಗಿದರೆ ಹೊಳೆ ಏರುತ್ತಿದೆ, ಹೋಗಬಾರದು.

ಹರಿವ ನೀರಿನ ಬಲವನ್ನು ಕಣ್ಣು ಅಳೆಯಲಾರದು. ಅರ್ಧ ಅಡಿ ರಭಸದ ನೀರು ನಿಂತ ಮನುಷ್ಯನನ್ನು ಬೀಳಿಸಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ. ಎರಡು ಅಡಿ ನೀರು ಜೀಪನ್ನೂ ಒಯ್ಯುತ್ತದೆ. ಹಳ್ಳ ರಸ್ತೆಯ ಮೇಲೆ ಹರಿಯುತ್ತಿದ್ದರೆ ಗಾಡಿ ದಾಟಿಸಬೇಡಿ. ನೀರಡಿಯ ಡಾಂಬರು ಕಿತ್ತುಹೋಗಿದ್ದರೆ ಮೇಲಿಂದ ಕಾಣುವುದಿಲ್ಲ. “ನಿನ್ನೆ ಟ್ರ್ಯಾಕ್ಟರ್ ದಾಟ್ಯದ್ರೀ” ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ನಿನ್ನೆಯ ಮಾತು.

ತೆಪ್ಪದ ವಿಷಯದಲ್ಲಿ ಅಂಬಿಗನ ಮಾತೇ ಕೊನೆ. ಒಮ್ಮೆ ನಡುಗಡ್ಡೆಗೆ ಹೋಗುವಾಗ ನಾವು ಒಂಬತ್ತು ಮಂದಿ ಇದ್ದೆವು. ಅಂಬಿಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಅವ್ವಾರ, ಎಂಟು ಮಂದಿ ಅಂದ್ರ ಎಂಟೇ ಮಂದಿ. ಒಂಬತ್ತನೇದಾವ್ರು ಹತ್ತಿದ್ರ ನಾ ಇಳೀತೀನಿ.” ಒಬ್ಬರು ಉಳಿದೆವು. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕೃಷ್ಣೆಯಲ್ಲಿ ತೆಪ್ಪ ಮಗುಚಿ ಜನ ನೀರುಪಾಲಾದಾಗ ನನಗೆ ಆ ಮನುಷ್ಯ ನೆನಪಾದ. ಹೊರೆಯನ್ನು ತೆಪ್ಪದ ನಡುವೆ ಇಡಿ, ಜನ ಸುತ್ತಲೂ ಕುಳಿತುಕೊಳ್ಳಲಿ, ಯಾರೂ ಎದ್ದು ನಿಲ್ಲಬಾರದು. ಸೆಲ್ಫಿಗೆ ಇಬ್ಬರು ಒಂದೇ ಮಗ್ಗುಲಿಗೆ ವಾಲಿದರೆ ಸಾಕು.

ಲೈಫ್ ಜಾಕೆಟ್ ಇಲ್ಲದೆ ಯಾರೂ ತೆಪ್ಪ ಹತ್ತಬಾರದು, ಅಂಬಿಗನೂ ಸೇರಿ. ಅವನು ನಗುತ್ತಾನೆ, ಹುಟ್ಟು ಹಾಕಲು ತೊಡಕೆನ್ನುತ್ತಾನೆ. ತೋಳು ಸಡಿಲ ಇರುವ ಜಾಕೆಟ್ ಹುಡುಕಿ ಕೊಡಿ. ಜಾಕೆಟ್ಟಿನ ಎಲ್ಲ ಬಕಲ್ ಬಿಗಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ; ಗದ್ದ ದಾಟಿ ಕಿವಿಗೆ ಬಂದರೆ ಅದು ಅವರ ಅಳತೆಯದಲ್ಲ. ಸೀರೆಯ ಮೇಲೆ ಜಾಕೆಟ್ ಹಾಕುವವರು ಸೆರಗನ್ನು ಒಳಗೆ ಸಿಕ್ಕಿಸಿ ಕಟ್ಟಿಕೊಳ್ಳಬೇಕು. ಗಂಬೂಟು ಬೇಡ, ನೀರು ತುಂಬಿದರೆ ಕಾಲಿಗೆ ಕಲ್ಲು ಕಟ್ಟಿದಂತೆ.

ನೀರಿನಲ್ಲಿ ಸಿಕ್ಕವರನ್ನು ಎಳೆಯುವಾಗ ಕ್ರಮ ಹೀಗೆ. ಮೊದಲು ಉದ್ದನೆ ಬಿದಿರು ಚಾಚಿ. ನಿಲುಕದಿದ್ದರೆ ಹಗ್ಗ ಎಸೆಯಿರಿ, ತುದಿಗೆ ಖಾಲಿ ಕ್ಯಾನ್ ಕಟ್ಟಿ. ಅದೂ ಆಗದಿದ್ದರೆ ತೆಪ್ಪ. ನೀರಿಗೆ ಹಾರುವುದು ತರಬೇತಿ ಪಡೆದ ಅಗ್ನಿಶಾಮಕ ಅಥವಾ ಎನ್‌ಡಿಆರ್‌ಎಫ್ ಸಿಬ್ಬಂದಿಯ ಕೆಲಸ. ಅವರಿಗೂ ಅದು ಸುಲಭವಲ್ಲ: 2019ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನು ಕರೆತರುವಾಗ ರಕ್ಷಣಾ ಸಿಬ್ಬಂದಿಯಿದ್ದ ದೋಣಿಯೇ ಮಗುಚಿ, ಅವರನ್ನೇ ಕಾಪಾಡಬೇಕಾಯಿತು. ಜಾಕೆಟ್ ಇತ್ತು, ಬದುಕಿದರು.

ಸೊಂಟಕ್ಕೆ ಹಗ್ಗ ಕಟ್ಟಿ ಹುಡುಗನನ್ನು ಹೊಳೆಗಿಳಿಸುವುದು ನಮ್ಮ ಊರುಗಳಲ್ಲಿ ಹಳೆಯ ರೂಢಿ. ಇದನ್ನು ನಿಲ್ಲಿಸಲೇಬೇಕು. ದಂಡೆಯಲ್ಲಿರುವವರು ಹಗ್ಗ ಬಿಗಿ ಹಿಡಿದಷ್ಟೂ ಹರಿವ ನೀರು ಆ ದೇಹವನ್ನು ಕೆಳಕ್ಕೆ ಒತ್ತುತ್ತದೆ. ಎಳೆಯುವವರು ಉಳಿಸುತ್ತಿದ್ದೇವೆಂದೇ ತಿಳಿದಿರುತ್ತಾರೆ, ಅವನು ಮುಳುಗುತ್ತಿರುತ್ತಾನೆ. ಹಗ್ಗ ಕೈಯಲ್ಲಿರಲಿ, ಮೈಗೆ ಕಟ್ಟಿರಬಾರದು. ಬೇಕೆಂದಾಗ ಬಿಡುವಂತಿರಬೇಕು.

ಕೃಷ್ಣೆಯಲ್ಲಿ ಮೊಸಳೆಗಳಿವೆ, ನೆರೆ ಬಂದಾಗ ಅವು ಹಳ್ಳ, ಗದ್ದೆಗಳವರೆಗೂ ಬರುತ್ತವೆ. ನಸುಕಿನಲ್ಲಿ, ಸಂಜೆಗತ್ತಲಲ್ಲಿ ದಂಡೆಯಲ್ಲಿ ಪಾತ್ರೆ ತೊಳೆಯುತ್ತ ಕೂರಬೇಡಿ.

ಸಿಡಿಲಿಗೆ ಒಂದು ಸರಳ ಲೆಕ್ಕ: ಮಿಂಚು ಕಂಡು ಗುಡುಗು ಕೇಳುವ ನಡುವೆ ಮೂವತ್ತು ಎಣಿಸಲಾಗದಿದ್ದರೆ ನೀರು, ಬಯಲು, ಒಂಟಿ ಮರ ಬಿಟ್ಟು ಗಟ್ಟಿ ಕಟ್ಟಡ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಬರಬೇಡಿ. ದಾಮಿನಿ ಆ್ಯಪ್ ಸುತ್ತಲಿನ ಸಿಡಿಲಿನ ಸೂಚನೆ ಕೊಡುತ್ತದೆ, ದಂಡೆಯವರ ಫೋನಿನಲ್ಲಿರಲಿ.

ಹಂತ 6: ನೀರು ಇಳಿದ ಮೇಲೆ

ಅಪಾಯ ಮುಗಿಯಿತೆಂದು ಎಲ್ಲರೂ ಸಡಿಲಾಗುವ ದಿನಗಳಿವು.

ತಂತಿ ಬಿದ್ದಿದ್ದರೆ ಹತ್ತು ಮೀಟರ್ ದೂರ ನಿಲ್ಲಿ. ಹತ್ತಿರವೇ ಇದ್ದರೆ ಕಾಲೆತ್ತಿ ಓಡಬೇಡಿ; ಎರಡೂ ಪಾದ ನೆಲಕ್ಕೆ ತಾಗಿಸಿಕೊಂಡು ಸಣ್ಣದಾಗಿ ಉಜ್ಜುತ್ತ ಹಿಂದೆ ಸರಿಯಿರಿ, ಹೆಜ್ಜೆ ಅಗಲವಾದಷ್ಟೂ ಕರೆಂಟು ಕಾಲಿನಿಂದ ಕಾಲಿಗೆ ಹರಿಯುತ್ತದೆ. ಗದ್ದೆಯ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಬೇಡಿ. ಕಾಳಜಿ ಕೇಂದ್ರಕ್ಕೆ ಜನರೇಟರ್ ತಂದರೆ ಮನೆ ವೈರಿಂಗಿಗೆ ನೇರ ಜೋಡಿಸಬೇಡಿ. ಆ ಕರೆಂಟು ಹಿಂದಕ್ಕೆ ಹರಿದು ಕಂಬದ ಮೇಲಿರುವ ಜೆಸ್ಕಾಂ ಲೈನ್‌ಮನ್ನನ್ನು ಕೊಲ್ಲಬಹುದು. ಅವನೂ ನೆರವಿನವನೇ.

ಮಣ್ಣಿನ ಗೋಡೆಗಳು ನೆನೆದು ನಿಂತು, ಬಿಸಿಲು ಬಿದ್ದ ಮೇಲೆ ಕುಸಿಯುವುದುಂಟು. ಸಾಮಾನು ತೆಗೆಯಲು ಮಾಳಿಗೆ ಮನೆಯೊಳಗೆ ಸ್ವಯಂಸೇವಕರನ್ನು ಕಳಿಸಬೇಡಿ. ಹೊರಗಿನಿಂದ ಬಿರುಕು ನೋಡಿ, ಬಾಗಿಲು ಬಿಗಿದುಕೊಂಡಿದ್ದರೆ ಗೋಡೆ ಜರುಗಿದೆ ಎಂದೇ ತಿಳಿಯಿರಿ.

ಹಗೇವಿನ ಮಾತು ಹೊರಗಿನಿಂದ ಬಂದವರಿಗೆ ಯಾರೂ ಹೇಳುವುದಿಲ್ಲ. ಹಳೆಯ ಮನೆಗಳ ಅಂಗಳದಡಿ ಜೋಳ ತುಂಬಿಡುವ ಹಗೇವುಗಳಿರುತ್ತವೆ. ನೀರು ನುಗ್ಗಿ ಕಾಳು ಕೊಳೆತರೆ ಒಳಗೆ ಕೆಟ್ಟ ಗಾಳಿ ತುಂಬುತ್ತದೆ, ಉಸಿರಿಗೆ ಗಾಳಿ ಇರುವುದಿಲ್ಲ. ಕಾಳು ಉಳಿಸಲು ಒಬ್ಬ ಇಳಿಯುತ್ತಾನೆ, ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಇಬ್ಬರೂ ಬರುವುದಿಲ್ಲ. ಯಾವ ಮರುಕಕ್ಕೂ ಹಗೇವಿಗೆ, ಸೆಪ್ಟಿಕ್ ಗುಂಡಿಗೆ ಇಳಿಯಬೇಡಿ. ಅಗ್ನಿಶಾಮಕದವರನ್ನು ಕರೆಯಿರಿ. ಕೆಸರಿನಲ್ಲಿ ನಡೆಯುವಾಗ ಮುಂದೆ ಕೋಲೂರಿ ನೋಡಿ ಹೆಜ್ಜೆಯಿಡುವುದೂ ಇದಕ್ಕೇ. ಹಗೇವಿನ ಬಾಯಿ, ತೆರೆದ ಬಾವಿ ಎರಡೂ ಕೆಸರಿನಡಿ ಅಡಗಿರುತ್ತವೆ.

ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ನಮ್ಮ ಬೆಂಗಾಡಿನ ಗರಗಸ ಮಂಡಲ, ಎಲ್ಲವೂ ಒಣ ಜಾಗ ಹುಡುಕಿ ಮೂಟೆಗಳ ಸಂದಿಗೆ ಬರುತ್ತವೆ. ಮೂಟೆ ಎತ್ತುವ ಮುನ್ನ ಕೋಲಿನಿಂದ ತಟ್ಟಿ. ನೆಲದ ಮೇಲೆ ಮಲಗಬೇಡಿ, ಮಲಗಲೇಬೇಕಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಕಚ್ಚಿದರೆ ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು, ನಾಟಿ ಮದ್ದಿಗೆ ಹೊತ್ತು ಕಳೆಯಬಾರದು. ಕೈಕಾಲು ಅಲುಗದಂತೆ ಪಟ್ಟಿಯಿಟ್ಟು, ಉಂಗುರ-ಕಾಲುಂಗುರ ತೆಗೆದು, ಹಾವಿನ ವಿಷನಿರೋಧಕ ಔಷಧ ಇರುವ ಆಸ್ಪತ್ರೆಗೆ ಒಯ್ಯಿರಿ. ಅದು ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಬೆಳಿಗ್ಗೆಯೇ ಫೋನ್ ಮಾಡಿ ಕೇಳಿಕೊಂಡಿರಬೇಕು.

ಧನುರ್ವಾಯು ತಡೆಯುವ ಚುಚ್ಚುಮದ್ದು ಮೊದಲೇ ಹಾಕಿಸಿ. ಕೆಸರು ನೀರಿನಲ್ಲಿ ದಿನಗಟ್ಟಲೆ ನಿಲ್ಲುವವರಿಗೆ ಇಲಿ ಜ್ವರದ ಭಯವಿದೆ. ತಡೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕೇ ಎಂದು ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ, ತಾವಾಗಿ ನುಂಗಬೇಡಿ. ಕುದಿಸಿದ ನೀರನ್ನೇ ಕುಡಿಯಿರಿ. 2022ರಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರಿನಿಂದ ಜನ ಸತ್ತದ್ದು ನಮಗೆಲ್ಲ ಗೊತ್ತು. ಹಂಚಲು ಹೋದವರೇ ವಾಂತಿಭೇದಿಯಿಂದ ಮಲಗಿದರೆ ಆ ಊರಿನ ಹಾಸಿಗೆಗಳನ್ನು ಆ ಊರಿನವರಿಂದ ಕಿತ್ತುಕೊಂಡಂತೆ.

ಹಂತ 7: ರಸ್ತೆ

ಕತ್ತಲಾದ ಮೇಲೆ ಪ್ರಯಾಣವಿಲ್ಲ. ಮೂಟೆಯ ಮೇಲೆ ಜನ ಕೂರುವಂತಿಲ್ಲ. ಎರೆಮಣ್ಣಿನ ದಾರಿ ಮಳೆಗೆ ಸಾಬೂನಾಗುತ್ತದೆ, ಟ್ರೈಲರ್ ಮಗುಚುವುದು ಅಲ್ಲೇ. ಡ್ರೈವರ್ ರಾತ್ರಿ ನಿದ್ದೆ ಮಾಡಿದ್ದಾನೆಯೇ ಎಂದು ಕೇಳಿ, ಊಟ ಹಾಕಿಸಿ. ಹೆಲ್ಮೆಟ್, ಸೀಟ್‌ಬೆಲ್ಟ್.

ಹಂತ 8: ಹೆಣ್ಣುಮಕ್ಕಳ ಸುರಕ್ಷತೆ

ನಾನು ಹೆಣ್ಣುಮಗಳಾಗಿ ಈ ಕೆಲಸಕ್ಕೆ ಬಂದವಳು. ‘ಹೆಣ್ಣುಮಕ್ಕಳನ್ನ ಕರ್ಕೊಂಡು ಹೋಗೋದು ರಿಸ್ಕು’ ಎನ್ನುವ ಮಾತನ್ನು ಮೊದಲ ದಿನದಿಂದ ಕೇಳಿದ್ದೇನೆ. ನಾವು ಹೋಗದಿದ್ದರೆ ಕಾಳಜಿ ಕೇಂದ್ರದ ಬಾಣಂತಿಗೆ ಬಟ್ಟೆ ಬೇಕೆಂದು ಗಂಡಸರಿಗೆ ಯಾರು ಹೇಳುತ್ತಾರೆ? ಬಿಟ್ಟು ಹೋಗುವುದು ಪರಿಹಾರವಲ್ಲ, ವ್ಯವಸ್ಥೆ ಮಾಡುವುದು ಪರಿಹಾರ.

ತಂಗುವ ಜಾಗಕ್ಕೆ ಒಳಗಿನಿಂದ ಚಿಲಕ ಬೇಕು. ಶೌಚಾಲಯ ಹತ್ತಿರವಿರಬೇಕು, ದಾರಿಯಲ್ಲಿ ದೀಪವಿರಬೇಕು. ಶೌಚಾಲಯವಿಲ್ಲದ ಕಾರಣಕ್ಕೆ ನಮ್ಮ ಹುಡುಗಿಯರು ದಿನವಿಡೀ ನೀರು ಕುಡಿಯದೆ ಕೆಲಸ ಮಾಡಿ ತಲೆಸುತ್ತಿ ಬಿದ್ದದ್ದನ್ನು ಕಂಡಿದ್ದೇನೆ. ಅದನ್ನು ಯಾವ ವರದಿಯೂ ಅಪಘಾತ ಎಂದು ಬರೆಯುವುದಿಲ್ಲ. ಯಾರ ಸ್ವಂತ ನಂಬರನ್ನೂ ಬ್ಯಾನರಿನಲ್ಲಿ, ಗ್ರೂಪುಗಳಲ್ಲಿ ಹಾಕಬೇಡಿ. ತಂಡಕ್ಕೆಂದೇ ಒಂದು ಸಿಮ್ ಇಟ್ಟು ಆ ನಂಬರನ್ನೇ ಕೊಡಿ.

ಕಿರುಕುಳ ಹೊರಗಿನವರಿಂದಲೇ ಬರಬೇಕೆಂದಿಲ್ಲ, ತಂಡದೊಳಗಿನಿಂದಲೂ ಬರುತ್ತದೆ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗೆ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹೊರಡುವ ದಿನ ಇದನ್ನು ಎಲ್ಲರೆದುರು ಜೋರಾಗಿ ಓದಿ ಹೇಳಿ. ಗಂಡುಹುಡುಗರೂ ಕೇಳಿಸಿಕೊಳ್ಳಲಿ. ಸಂತ್ರಸ್ತ ಹೆಣ್ಣುಮಕ್ಕಳ ಫೋಟೊ, ಆಧಾರ್ ಪ್ರತಿ ಯಾರ ಫೋನಿನಲ್ಲೂ ಉಳಿಯಬಾರದೆಂಬ ಮಾತನ್ನೂ ಆಗಲೇ ಹೇಳಿಬಿಡಿ.

ಹಂತ 9: ಬಿಸಿಲಿನ ತಿಂಗಳುಗಳಲ್ಲಿ

ನೆರವೆಂದರೆ ನೆರೆ ಮಾತ್ರವಲ್ಲ. ಬರದ ವರ್ಷ ಮೇವು, ಟ್ಯಾಂಕರ್ ನೀರು ಹಂಚುವಾಗ ಬಳ್ಳಾರಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಬೆಳಿಗ್ಗೆ ಆರರಿಂದ ಹತ್ತೂವರೆ, ಸಂಜೆ ನಾಲ್ಕೂವರೆ ಮೇಲೆ ಕೆಲಸ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಮಟ್ಟ ಮಾಡಿ ಅಳೆದು ಕಲಸಿಕೊಂಡು ಹೋಗಿ. ಮಾತು ತಡವರಿಸಿ, ಮೈ ಕೆಂಡದಂತೆ ಸುಟ್ಟರೆ ಅದು ಸುಸ್ತಲ್ಲ, ಜೀವಕ್ಕೆ ಬಂದ ಅಪಾಯ. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಹಂತ 10: ಮರಳಿದ ಮೇಲೆ

ನೋಟ್‌ಬುಕ್ಕಿನ ಮೂರನೇ ಗೆರೆ ತುಂಬುವ ತನಕ ಯಾರೂ ಮನೆಗೆ ಹೊರಡುವಂತಿಲ್ಲ. ಪ್ರತಿಯೊಬ್ಬರೂ ದಂಡೆಯವರ ಮುಂದೆ ನಿಂತು ತಮ್ಮ ಹೆಸರಿನೆದುರು ತಾವೇ ಹೊತ್ತು ಬರೆಯಬೇಕು. ‘ಅವನು ನೇರ ಮನೆಗೆ ಹೋದ’ ಎಂದು ಇನ್ನೊಬ್ಬರು ಹೇಳಿದರೆ ನಡೆಯುವುದಿಲ್ಲ, ಅವನ ದನಿ ಫೋನಿನಲ್ಲಾದರೂ ಕೇಳಬೇಕು.

ಆಮೇಲೆ ಅರ್ಧ ತಾಸು ಕೂತು ಮಾತಾಡಿ. ಎಲ್ಲಿ ಎದೆ ಝಲ್ಲೆಂದಿತು, ಯಾವ ಹಳ್ಳ ಎಣಿಸಿದ್ದಕ್ಕಿಂತ ಬೇಗ ಬಂತು, ಯಾರು ಒಬ್ಬರೇ ಹೋದರು. ಬೈಯಲು ಅಲ್ಲ, ಬರೆದಿಡಲು. ಹೆಣ ಎತ್ತಿದ ಹುಡುಗ ಸುಮ್ಮನೆ ಕೂತಿದ್ದರೆ ಅವನನ್ನು ಒಬ್ಬನೇ ಕಳಿಸಬೇಡಿ. ನಿದ್ದೆ ಬರುತ್ತಿಲ್ಲ, ನೀರಿನ ಸದ್ದೇ ಕೇಳುತ್ತದೆ ಎನ್ನುವವರಿಗೆ ಟೆಲಿ ಮಾನಸ್ 14416 ನಂಬರು ಕೊಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2009ರ ನಮ್ಮ ಸಣ್ಣಾವ ಆ ರಾತ್ರಿಯ ಬಗ್ಗೆ ಬಾಯಿಬಿಡಲು ಎರಡು ವರ್ಷ ಹಿಡಿಯಿತು. ನಾವು ಕೇಳಿರಲೇ ಇಲ್ಲ.

ಅಂಬಿಗನಿಗೆ, ಟ್ರ್ಯಾಕ್ಟರಿನವನಿಗೆ ಕೊಡಬೇಕಾದ ಹಣ ಅವತ್ತೇ ಕೊಟ್ಟುಬಿಡಿ. ಲೈಫ್ ಜಾಕೆಟ್‌ಗಳನ್ನು ಸಿಹಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಹಾಕಿ. ನಮ್ಮ ಬಿಸಿಲಿಗೆ ಒಡ್ಡಿದರೆ ಬಟ್ಟೆಯೂ ಹೊಲಿಗೆಯೂ ಜೀರ್ಣವಾಗುತ್ತವೆ. ಹಗ್ಗವನ್ನು ಪೂರ್ತಿ ಬಿಚ್ಚಿ ಎಳೆ ಕಡಿದಿದೆಯೇ ನೋಡಿ ಸುರುಳಿ ಸುತ್ತಿ. ಟಾರ್ಚಿನ ಸೆಲ್ ತೆಗೆದಿಡಿ. ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದೇ ಚೀಲದಲ್ಲಿ, ಎಲ್ಲಕ್ಕಿಂತ ಮೇಲೆ ಇಡಿ. ಪೆನ್ಸಿಲ್ ಚೂಪು ಮಾಡಿ ಅದರ ಜೊತೆಗೇ.